ಅಟ್ಟದ ಹಲಗೆಯ ಗೆರೆಗಳು

ನಮ್ಮ ಮನೆಯ ಅಟ್ಟದ ಹಲಗೆಗಳ ಅಡಿಮೈಗೆ ಯಾರೂ ಕೀಸುಳಿ ಹಾಕಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದರೆ ಹಲಗೆಯ ಅಗಲಕ್ಕೂ ಒಂದರ ಪಕ್ಕ ಒಂದು ಗೆರೆಗಳು ಎದ್ದು ಕಾಣುತ್ತವೆ. ಅಜ್ಜನ ಕಾಲದವು ನೇರ ಗೆರೆಗಳು, ಕೊಂಚ ವಾಲಿದವು, ಒಂದರಿಂದ ಒಂದಕ್ಕಿರುವ ಅಂತರ ಒಂದೇ ಸಮ ಇಲ್ಲ. ಅವು ಇಬ್ಬರು ಎಳೆದ ಕೈಗರಗಸದವು. ಅಪ್ಪ ಹಿಂದಿನ ಕೋಣೆಗೆ ಮಿಲ್ಲಿನಿಂದ ತರಿಸಿದ ಹಲಗೆಗಳ ಮೇಲೆ ಕಮಾನಿನಂಥ ಗೆರೆಗಳಿವೆ, ತಿರುಗುವ ಚಕ್ರಗರಗಸದವು. ನಾನು ಕೊಟ್ಟಿಗೆಗೆ ಹಾಕಿಸಿದ ಸಿಲ್ವರ್ ಓಕ್ ತೊಲೆಗಳ ತುದಿಯಲ್ಲಿ ದನದ ನಾಲಿಗೆಯಂಥ ತರಿ. ಅದು ಚೈನ್ ಗರಗಸದ್ದು.

ಈ ಸಲ ಕಾಫಿ ಕೊಯ್ಲು ಮುಗಿದು, ನೆರಳುಮರಗಳ ಕೊಂಬೆ ಸವರುವ ಮರಗಸಿ ಶುರುವಾಗುವ ಹೊತ್ತಿಗೆ ಸ್ವಂತಕ್ಕೊಂದು ಗರಗಸ ಕೊಳ್ಳಲೇಬೇಕಾಯಿತು. ಮರದ ಕಂಟ್ರಾಕ್ಟು ನಿಲ್ಲಿಸಿದ ಒಬ್ಬರ ಮನೆಯಲ್ಲಿ ಹಳೆಯ ದೊಡ್ಡ ಮೆಷಿನ್ ಇತ್ತು. ನೂರು ಸಿಸಿ ಮೀರಿದ ಇಂಜಿನ್, ಎಲ್ಲ ಲೋಹದ ಮೈ. ಬೆಲೆ ಅಂಗಡಿಯ ಹೊಸ ಐವತ್ತು ಸಿಸಿ ಮೆಷಿನ್ನಿನ ಮೂರನೇ ಒಂದು ಪಾಲು. ಒಂದು ವಾರ ಯೋಚಿಸಿದೆ. ಆ ವಾರವಿಡೀ ತಲೆಯಲ್ಲಿದ್ದುದು ಬೆಲೆಗಿಂತ ಹೆಚ್ಚಾಗಿ ಈ ಗೆರೆಗಳು.

ಕೈಗರಗಸದ ಕೆಲಸವನ್ನು ನಾನು ಹುಡುಗನಾಗಿದ್ದಾಗ ಕಣ್ಣಾರೆ ಕಂಡಿದ್ದೇನೆ. ನಮ್ಮ ಕಡೆ ಕುಯ್ಯುವವರು ಬಹುಪಾಲು ಕೇರಳದಿಂದ ಬರುತ್ತಿದ್ದರು. ನಾವು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ದಿಮ್ಮಿಯನ್ನು ಇಳಿಜಾರಿನಲ್ಲಿ ಕಟ್ಟಿದ ಅಡ್ಡೆಗೆ ಉರುಳಿಸಿ ಏರಿಸಿ, ಸತ್ತ ಟಾರ್ಚ್ ಸೆಲ್ಲು ಒಡೆದು ತೆಗೆದ ಮಸಿಯಲ್ಲಿ ದಾರ ಅದ್ದಿ, ಎರಡು ತುದಿ ಬಿಗಿಹಿಡಿದು, ನಡುವೆ ಎತ್ತಿ ಬಿಡುತ್ತಿದ್ದರು. ಟಪ್ ಎಂದು ಗೆರೆ ಬೀಳುತ್ತಿತ್ತು. ಒಬ್ಬ ದಿಮ್ಮಿಯ ಮೇಲೆ, ಒಬ್ಬ ಕೆಳಗೆ. ಮೇಲಿನವನು ಗರಗಸ ಎತ್ತಿಕೊಟ್ಟು ಗೆರೆ ಕಾಯುತ್ತಾನೆ, ಕೆಳಗಿನವನು ಎಳೆಯುತ್ತಾನೆ. ಗರಗಸ ಕೊಯ್ಯುವುದು ಕೆಳಕ್ಕೆ ಬರುವಾಗ, ಹಾಗಾಗಿ ಬೆವರೆಲ್ಲ ಕೆಳಗಿನವನದು, ಹೊಟ್ಟೂ ಅವನ ಕಣ್ಣಿಗೇ. ಆತ ಹುಬ್ಬಿನವರೆಗೆ ತಲೆವಸ್ತ್ರ ಇಳಿಸಿಕೊಂಡು ನೆಲ ನೋಡುತ್ತಲೇ ಎಳೆಯುತ್ತಿದ್ದ. ಸೀಳು ಕಚ್ಚಿಕೊಂಡರೆ ಬೆಣೆ ಹೊಡೆಯುತ್ತಿದ್ದರು, ಗರಗಸದ ಕೆನ್ನೆಗೆ ಎಣ್ಣೆ ಬಟ್ಟೆ ಸವರುತ್ತಿದ್ದರು. ಕೂಲಿ ಅಡಿ ಲೆಕ್ಕ. ಸಂಜೆ ಇಬ್ಬರೂ ಮಾತಿಲ್ಲದೆ ಕೂತು ಮೂರು ಮೂಲೆಯ ಅರ ಹಿಡಿದು ಹಲ್ಲು ಮಸೆಯುತ್ತಿದ್ದರು. ಆ ಕಿರ್ ಕಿರ್ ಸದ್ದು ಮುಗಿದ ಮೇಲೇ ಅವರ ಒಲೆ ಹತ್ತುತ್ತಿದ್ದುದು.

ಚೈನ್ ಗರಗಸದ ಹುಟ್ಟು ಮಾತ್ರ ಕಾಡಿನಲ್ಲಲ್ಲ, ವೈದ್ಯರ ಕೈಯಲ್ಲಿ. 1830ರ ಸುಮಾರಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಮೂಳೆ ಕೊಯ್ಯಲೆಂದು ಹಿಡಿಕೆ ತಿರುಗಿಸಿ ಓಡಿಸುವ ಹಲ್ಲುಸರಪಳಿ ಮಾಡಿದ. ಅದೇ ದೇಶದ ಆಂದ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನದನ್ನೂ, ಎಮಿಲ್ ಲೆರ್ಪ್ 1927ರಲ್ಲಿ ಡೋಲ್ಮಾರ್ ಬೆಟ್ಟದಲ್ಲಿ ಪೆಟ್ರೋಲಿನದನ್ನೂ ಮರಕ್ಕೆ ಹಚ್ಚಿದರು. ಅವನ್ನು ಹೊರಲು ಇಬ್ಬರು ಬೇಕಿತ್ತು. ನನಗೆ ಎಲ್ಲಕ್ಕಿಂತ ಇಷ್ಟದ ಕತೆ ಅಮೆರಿಕದ ಜೋಸೆಫ್ ಕಾಕ್ಸ್‌ನದು. ಸೌದೆ ಕಡಿಯುತ್ತಿದ್ದವನು ಕೊರಡಿನಲ್ಲಿ ಒಂದು ಮರಹುಳುವನ್ನು ಕಂಡ. ಅದು ತನ್ನ ಎರಡು ದವಡೆಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತ ನಾರಿನ ಗುಂಟವೂ ಅಡ್ಡಕ್ಕೂ ಸಲೀಸಾಗಿ ದಾರಿ ಮಾಡಿಕೊಳ್ಳುತ್ತಿತ್ತು. ಆ ದವಡೆಯನ್ನೇ ಉಕ್ಕಿನಲ್ಲಿ ಎರಕ ಹೊಯ್ದಂತೆ 1947ರಲ್ಲಿ ಅವನು ಎಡ ಬಲ ಹಲ್ಲುಗಳ ಹೊಸ ಚೈನು ಮಾರಾಟಕ್ಕೆ ತಂದ. ಇವತ್ತಿನ ಬಹುಪಾಲು ಚೈನುಗಳು ಆ ಹುಳುವಿನ ಸಂತತಿ. ನಾನು ಕಾಫಿಯ ಕಾಂಡಕೊರಕ ಹುಳುವನ್ನು ದ್ವೇಷಿಸುತ್ತಲೇ ಬೆಳೆದವನು. ಆದರೂ ಅಂಥದೊಂದು ಹುಳುವಿನ ದವಡೆಯನ್ನು ಅಷ್ಟು ಹೊತ್ತು ನೋಡಿದವನ ಮೇಲೆ ನನಗೆ ನಿಜವಾದ ಗೌರವ.

ಒಬ್ಬನೇ ಹಿಡಿಯುವ ಮೆಷಿನ್ನುಗಳು 1950ರಾಚೆ ಹಗುರವಾಗುತ್ತ ಬಂದವು. ಸ್ಟಿಲ್ ಕಂಪನಿಯ ಗೇರಿಲ್ಲದ ಕಾಂಟ್ರಾ, ಕೋವಿ ಮಾಡುತ್ತಿದ್ದ ಸ್ವೀಡನ್ನಿನ ಹಸ್ಕ್ವರ್ನಾದ ಮೊದಲ ಚೈನ್ ಗರಗಸ, ಎರಡೂ 1959ರವು. ನಮ್ಮ ತೋಟಕ್ಕೆ ಮೊದಲ ಮೆಷಿನ್ ಬಂದದ್ದು 1980ರ ದಶಕದ ನಡುವೆ, ಬಾಡಿಗೆಗೆ. ಗಾಳಿಗೆ ಒರಗಿದ ಮತ್ತಿ ಮರವೊಂದಕ್ಕೆ ಕೊಡಲಿಯವರು ಒಂದು ದಿನ ಬೇಕು ಎಂದಿದ್ದರು. ಮೆಷಿನ್ನಿನವನು ಕಾಫಿ ಕುಡಿಯುವ ಮೊದಲೇ ಉರುಳಿಸಿದ. ಆಗ ಅವನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಇಡೀ ಊರು ಅವನ ಸುತ್ತ ನಿಂತಿತ್ತು.

ಈಗ ಅವನ ಎಡಗೈಯ ಮೂರು ಬೆರಳು ಮಾಘದ ಚಳಿಯಲ್ಲಿ ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತವೆ. ಲೋಟ ಹಿಡಿದರೆ ಬಿಸಿ ತಿಳಿಯುವುದಿಲ್ಲ, ಅಂಗಿಯ ಗುಂಡಿಯನ್ನು ಹೆಂಡತಿ ಹಾಕಿಕೊಡಬೇಕು. ಇದು ಅವನೊಬ್ಬನ ಕತೆಯಲ್ಲ. ಜಪಾನ್, ಬ್ರಿಟನ್, ಸ್ವೀಡನ್ನಿನ ಕಾಡುಕೆಲಸದವರಲ್ಲಿ ಇದೇ ಬಿಳಿಬೆರಳು 1960ರ ದಶಕದಲ್ಲೇ ಕಾಣಿಸಿಕೊಂಡಿತ್ತು. ಇಂಜಿನ್ನಿನ ನಡುಕ ಹಿಡಿಕೆಗೆ ದಾಟಿ ಬೆರಳಿನ ಸಣ್ಣ ರಕ್ತನಾಳ, ನರಗಳನ್ನು ಕೆಡಿಸುತ್ತದೆಂದು ಗೊತ್ತಾದ ಮೇಲೆ ಹಿಡಿಕೆಗೂ ಇಂಜಿನ್ನಿಗೂ ನಡುವೆ ರಬ್ಬರು, ಸ್ಪ್ರಿಂಗು ಬಂದವು. 1970ರ ದಶಕದ ಮೊದಲಲ್ಲಿ ಚೈನ್ ಬ್ರೇಕ್ ಬಂತು. ಚೈನು ಸುತ್ತುವ ಬಾರಿನ ಮೂತಿಯ ಮೇಲಂಚು ಮರಕ್ಕೆ ತಾಗಿತೆಂದರೆ ಚೈನು ಕಚ್ಚಿಕೊಂಡು ಇಡೀ ಮೆಷಿನ್ ಮುಖದ ಕಡೆಗೆ ಸಿಡಿಯುತ್ತದೆ. ಎಡ ಮಣಿಕಟ್ಟಿನ ಮುಂದಿರುವ ಗುರಾಣಿ ಆಗ ಕೈಗೆ ಬಡಿದು ಚೈನನ್ನು ನಿಲ್ಲಿಸುತ್ತದೆ. ನಮ್ಮವನ ಭುಜದಲ್ಲಿ ಒಂದು ಗೇಣಿನ ಕಲೆ ಇದೆ. ಅವನು ಇಪ್ಪತ್ತು ವರ್ಷ ನಡೆಸಿದ ಮೆಷಿನ್ನಿಗೆ ಆ ಗುರಾಣಿ ಇರಲಿಲ್ಲ.

ಹಳೆಯ ಮೆಷಿನ್ ನೋಡಲು ಅವನನ್ನೇ ಕರೆದುಕೊಂಡು ಹೋದೆ. ಮೊದಲು ಸ್ವಿಚ್ ಆಫ್ ಇಟ್ಟು ಹಗ್ಗವನ್ನು ನಿಧಾನ ಎಳೆದು ಕಂಪ್ರೆಷನ್ ನೋಡಿದ. ಸೈಲೆನ್ಸರ್ ಬಿಚ್ಚಿಸಿ ಕಿಂಡಿಯಲ್ಲಿ ಪಿಸ್ಟನ್ನಿನ ಮೈ ತೋರಿಸಿದ. ಒಂದೇ ಒಂದು ಗೀರಿಲ್ಲ, ಹೊಸ ಪಾತ್ರೆಯ ಹಾಗೆ. ಸ್ಪ್ರಾಕೆಟ್ಟಿನ ಸವೆತವನ್ನು ಉಗುರಿನಿಂದ ಅಳೆದ. ಚಾಲೂ ಮಾಡಿ ಬಾರಿನ ತುದಿಯನ್ನು ಕಲ್ಲಿನತ್ತ ಹಿಡಿದ. ಕಲ್ಲಿನ ಮೇಲೆ ಎಣ್ಣೆಯ ಸಣ್ಣ ಗೆರೆ ಬಿತ್ತು. ಕಾರ್ಬ್ಯುರೇಟರಿನ ಪೊರೆ ಮತ್ತು ಪೆಟ್ರೋಲ್ ನಳಿಕೆ ಬದಲಿಸಬೇಕು ಅಂದ. ಈಗಿನ ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ತಿಂದುಹಾಕುತ್ತದೆ. ಕೊನೆಗೆ ಆಫ್ ಮಾಡಿ, ಗುರಾಣಿ ಇರಬೇಕಾಗಿದ್ದ ಜಾಗದಲ್ಲಿ ಕೈ ಇಟ್ಟು, "ಇಂಜಿನ್ ಚೆನ್ನಾಗಿದೆ. ನಡೆಸುವವನು ಯಾರು?" ಎಂದು ಕೇಳಿದ.

ನಡೆಸುವವನು ನಾನಲ್ಲ. ನಮ್ಮಲ್ಲಿ ಮರ ಹತ್ತುವ ಹುಡುಗ. ಅವನಿಗೆ ಮದುವೆಯಾಗಿ ಇನ್ನೂ ವರ್ಷವಾಗಿಲ್ಲ.

ಆ ದೊಡ್ಡ ಮೆಷಿನ್ ಹುಟ್ಟಿದ್ದು ದೊಡ್ಡ ಮರಗಳಿಗಾಗಿ. ಆ ಮರ ಕಡಿಯುವ ಕಾಲ ಮುಗಿದಿದೆ, ಮುಗಿಯಬೇಕಿತ್ತು ಕೂಡ. ರಾಜ್ಯದ ಮರ ಸಂರಕ್ಷಣಾ ಕಾಯ್ದೆ 1976ರದು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಊರಿನವರು ಕಡಿತ ತಡೆಯಲು ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಕಾಡು ಉಳಿಸುವ 1996ರ ಡಿಸೆಂಬರಿನ ಸುಪ್ರೀಂ ಕೋರ್ಟ್ ಆದೇಶದಿಂದ ಎಷ್ಟೋ ಮರದ ಮಿಲ್ಲುಗಳ ಸದ್ದು ಅಡಗಿತು. ಇವತ್ತು ನಾನು ಅನುಮತಿಯ ಅಲೆದಾಟವಿಲ್ಲದೆ ಕಡಿಯುವುದು ಸಿಲ್ವರ್ ಓಕ್ ಮತ್ತು ಹಾಲವಾಣ, ಎರಡಕ್ಕೂ ಕಾಯ್ದೆಯಲ್ಲಿ ವಿನಾಯಿತಿ ಇದೆ. ದಪ್ಪ ಹೆಚ್ಚೆಂದರೆ ಒಂದೂವರೆ ಅಡಿ. ಅದಕ್ಕೆ ಐವತ್ತು ಸಿಸಿ ಧಾರಾಳ.

ಹೊಸದನ್ನೇ ತಂದೆ. ಹೊರಮೈಯೆಲ್ಲ ಪ್ಲಾಸ್ಟಿಕ್ಕು. ಹಳೆಯದರ ಹಾಗೆ ನಲವತ್ತು ವರ್ಷ ಬಾಳುವುದಿಲ್ಲ ಅನ್ನುವುದು ಖಾತ್ರಿ, ಆ ಬೇಸರ ನನ್ನಲ್ಲಿ ಉಳಿದೇ ಇದೆ. ಅಂಥ ಪಿಸ್ಟನ್ನು, ಅಂಥ ಎರಕ ಮೂಲೆಗೆ ಬೀಳುವುದನ್ನು ನೋಡಲು ಕಷ್ಟವಾಗುತ್ತದೆ.

ಮೊದಲ ದಿನ ಸಂಜೆ ಜಗಲಿಯಲ್ಲಿ ಹಳಬ ಹುಡುಗನಿಗೆ ಚೈನ್ ಮಸೆಯುವುದನ್ನು ಹೇಳಿಕೊಟ್ಟ. ಗುಂಡನೆಯ ಅರ. ಒಂದು ಹಲ್ಲಿಗೆ ಮೂರೇ ಉಜ್ಜು, ಒಳಗಿನಿಂದ ಹೊರಕ್ಕೆ, ವಾಪಸು ತರುವಾಗ ಮುಟ್ಟಿಸಬಾರದು. ಮೊದಲು ಎಡ ಹಲ್ಲುಗಳೆಲ್ಲ, ಆಮೇಲೆ ಬಲ. ಅವನ ಬೆರಳು ಅರವನ್ನು ಸರಿಯಾಗಿ ಹಿಡಿಯದೆ ಎರಡು ಸಲ ಜಾರಿತು. ಮೂರನೇ ಸಲ ಹುಡುಗನ ಕೈಯ ಮೇಲೆ ತನ್ನ ಕೈ ಇಟ್ಟು ಉಜ್ಜಿಸಿದ. ಒಳಗೆ ಒಲೆಯ ಮುಂದಿದ್ದ ನನ್ನ ತಾಯಿ ಕಿರ್ ಕಿರ್ ಸದ್ದು ಕೇಳಿ, ಕಾಕಾ ಬಂದಿದ್ದಾರಾ ಅಂದರು.