ಹಿಟ್ಲರ್ ಎಂಬ ಅನ್ವರ್ಥನಾಮ

‘ಹಿಟ್ಲರ್’ ಹುಟ್ಟಿನಿಂದ ಅಂಕಿತನಾಮ. ಕನ್ನಡದ ಆಡುಮಾತಿನಲ್ಲಿ ಅದು ಅನ್ವರ್ಥನಾಮವಾಗಿ ಬಹಳ ಕಾಲವಾಯಿತು. ಯಲಹಂಕದ ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಗೇಟು ಹಾಕಿಸುವ ವಾರ್ಡನ್, ಆರ್.ಟಿ. ನಗರದ ಮನೆಯಲ್ಲಿ ಟಿ.ವಿ. ಆರಿಸಿ ಮಕ್ಕಳನ್ನು ಓದಲು ಕೂರಿಸುವ ಅಪ್ಪ, ರಜೆ ಕೊಡದ ಮೇಲಧಿಕಾರಿ, ಎಲ್ಲರಿಗೂ ಅದೇ ಬಿರುದು. 2021ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಹಿಟ್ಲರ್ ಕಲ್ಯಾಣ’ ಧಾರಾವಾಹಿಯ ಹೆಸರಿನಲ್ಲೂ ಇರುವುದು ಇದೇ ಅರ್ಥ: ಕಟ್ಟುನಿಟ್ಟಿನ ಗಂಡು.

ಈ ಬಳಕೆಯಲ್ಲಿ ದ್ವೇಷವಿಲ್ಲ, ನಿಜ. ಆದರೆ ಸುಮಾರು 60 ಲಕ್ಷ ಯಹೂದಿಗಳ ಕೊಲೆ ಈ ಪದದಿಂದ ಸೋರಿಹೋಗಿ ಶಿಸ್ತೊಂದೇ ಉಳಿದಿದೆ. ಹಾಗೆ ಉಳಿದ ಶಿಸ್ತಿಗೆ ಮೆಚ್ಚುಗೆ ಸೇರುವುದು ತಡವಾಗುವುದಿಲ್ಲ. ಹೆಬ್ಬಾಳದ ಮೇಲ್ಸೇತುವೆಯ ಬಳಿ ವಾಹನಗಳು ಕದಲದೆ ನಿಂತಾಗ, ಲಂಚದ ಸುದ್ದಿ ಓದಿದಾಗ, ‘ಈ ದೇಶಕ್ಕೆ ಒಬ್ಬ ಹಿಟ್ಲರ್ ಬರಬೇಕು’ ಎಂಬ ಮಾತು ಬರುತ್ತದೆ. ಇಲ್ಲಿ ಅದು ಬೈಗುಳವಲ್ಲ, ಹಾರೈಕೆ. ಇದರ ಜೋಡಿಮಾತು ‘ಜಗತ್ತಿನ ದುಡ್ಡೆಲ್ಲ ಯಹೂದಿಗಳ ಕೈಯಲ್ಲಿದೆ’ ಎಂಬುದು. ಅವರ ಜಾಣತನವನ್ನು ಹೊಗಳುವ ಧಾಟಿಯಲ್ಲಿ ಹೇಳಿದರೂ ಅದು ಯಹೂದಿದ್ವೇಷವೇ. ನಾಜಿ ಪ್ರಚಾರ ಈ ಕಟ್ಟುಕಥೆಯನ್ನೇ ನೆಚ್ಚಿಕೊಂಡಿತ್ತು.

ಹಿಟ್ಲರನ ‘ಶಿಸ್ತು’ ಏನೆಂದು ಬೆಂಗಳೂರು ಹತ್ತಿರದಿಂದ ಕಂಡಿದೆ. 1933ರ ಏಪ್ರಿಲ್‌ನಲ್ಲಿ ಯಹೂದಿಗಳನ್ನು ಸರ್ಕಾರಿ ಹುದ್ದೆಗಳಿಂದ ತೆಗೆಯುವ ಕಾನೂನು ಬಂದಾಗ ಗಟ್ಟಿಂಗೆನ್‌ನ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಕೆಲಸ ಕಳೆದುಕೊಂಡರು. ಸಿ.ವಿ. ರಾಮನ್ ಕರೆದರೆಂದು 1935ರಲ್ಲಿ ಬಂದು, ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಕೆಲಸ ಮಾಡಿದರು. ಅವರನ್ನು ಕಾಯಂ ಪ್ರಾಧ್ಯಾಪಕರನ್ನಾಗಿ ಮಾಡಬೇಕೆಂದು ರಾಮನ್ ಪಟ್ಟುಹಿಡಿದರು. ಆಗ ಸಂಸ್ಥೆಯ ಸಭೆಯಲ್ಲಿ ಎದ್ದುನಿಂತ ಇಂಗ್ಲೆಂಡಿನ ಪ್ರಾಧ್ಯಾಪಕ ಆಸ್ಟನ್, ಸ್ವಂತ ದೇಶದಿಂದ ದಬ್ಬಿಸಿಕೊಂಡು ಬಂದ ಎರಡನೇ ದರ್ಜೆಯ ಪರಕೀಯ ಈ ಸಂಸ್ಥೆಗೆ ತಕ್ಕವನಲ್ಲ ಎಂಬರ್ಥದ ಮಾತಾಡಿದರೆಂದು ಬಾರ್ನ್ ಬರೆದಿಟ್ಟಿದ್ದಾರೆ. ಆ ಮಾತಿಗೆ ‘ಯಹೂದಿ’ ಎಂಬ ಪದ ಬೇಕಾಗಲಿಲ್ಲ. ಹೊರದಬ್ಬಿದವರ ತೀರ್ಪನ್ನೇ ಅದು ಹೊರಬಿದ್ದವರ ಯೋಗ್ಯತೆಗೆ ಅಳತೆಗೋಲಾಗಿಸಿತು. ಹಿಟ್ಲರ್ ಬರಬೇಕು ಎನ್ನುವವರೂ ಅರಿಯದೆ ಆ ತೀರ್ಪಿಗೇ ತಲೆಯಾಡಿಸುತ್ತಾರೆ. ಬಾರ್ನ್ 1936ರಲ್ಲಿ ಎಡಿನ್‌ಬರೋ ಸೇರಿದರು. 1954ರಲ್ಲಿ ನೊಬೆಲ್ ಪಡೆದರು. ಅವರ ಸೋದರಳಿಯ, ಬರ್ಲಿನ್ ತೊರೆದ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾದರು. ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಅವರು ರೂಪಿಸಿದ ಕಟ್ಟಡಗಳಿವೆ.

ಇಂಥ ಮಾತನ್ನು ಎದುರಿಸುವಾಗ ಆಡಿದವರನ್ನು ನಾಜಿ ಎಂದು ಜರೆದರೆ ಮಾತು ಅಲ್ಲಿಗೇ ಮುರಿಯುತ್ತದೆ. ಹೆಚ್ಚಿನವರಿಗೆ ತಾವು ಎತ್ತಿಕೊಂಡ ಹೆಸರಿನ ಭಾರ ಗೊತ್ತಿರುವುದಿಲ್ಲ. ಹಿಟ್ಲರನ ಯಾವ ಕೆಲಸ ಇಲ್ಲಿಗೆ ಬೇಕು ಎಂದು ಸಮಾಧಾನವಾಗಿ ಕೇಳಬಹುದು. 1933ರ ಕಾನೂನು, ಪೌರತ್ವ ಕಿತ್ತುಕೊಂಡ 1935ರ ನ್ಯೂರೆಂಬರ್ಗ್ ಕಾನೂನು, ಆಮೇಲಿನ ಕೊಲೆಶಿಬಿರಗಳು, ಇವನ್ನು ಒಂದೊಂದಾಗಿ ಹೆಸರಿಸಬಹುದು. ಸಿಡುಕು ವಾರ್ಡನ್‌ಗೆ ಹೆಸರಿಡಲು ಕನ್ನಡದಲ್ಲಿ ದೂರ್ವಾಸ ಮುನಿ ಇದ್ದೇ ಇದ್ದಾನೆ. ಸಮಾಧಾನದ ಮಾತು ಫಲಿಸಿದ್ದೂ ಇದೆ. 2006ರಲ್ಲಿ ನವಿ ಮುಂಬೈಯ ಹೋಟೆಲೊಂದು ‘ಹಿಟ್ಲರ್ಸ್ ಕ್ರಾಸ್’ ಎಂಬ ಫಲಕ ಹಾಕಿತ್ತು. ಅಲ್ಲಿನ ಯಹೂದಿ ಸಮುದಾಯದವರು ಮಾಲೀಕರೊಡನೆ ಮಾತಾಡಿದ ಮೇಲೆ ಹಿಟ್ಲರ್ ಫಲಕದಿಂದ ಇಳಿದ; ಹೋಟೆಲು ‘ಕ್ರಾಸ್ ಕೆಫೆ’ ಆಯಿತು.