ಹಲಸಿನ ಪರದೇಶಿ ನಾಮಧೇಯ

ಹೆಬ್ಬೂರಿನ ಕಡೆಯ ರಸ್ತೆಯಂಚಿನಲ್ಲಿ ಕುಳಿತು, ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು, ಒಸರುವ ಮೇಣವನ್ನು ಕಡ್ಡಿಗೆ ಸುತ್ತಿ ತೆಗೆದು, ಹಲಸಿನ ತೊಳೆಗಳನ್ನು ಬಿಡಿಸಿ ಮಾರುವವರ ಸರಕಿಗೆ ಆಂಗ್ಲರು ಜ್ಯಾಕ್‌ಫ್ರೂಟ್ ಎನ್ನುವರೆಂದು ಶಾಲೆಯ ಹುಡುಗನೂ ಬಲ್ಲನು. ಆದರೆ ಆ ಸಮಾಸದ ಪೂರ್ವಪದವಾದ ಜ್ಯಾಕ್ ಎಂಬಾತನು ಯಾರೆಂದು ವಿಚಾರಿಸಿದರೆ, ಲಾರಿಯನ್ನೆತ್ತುವ ಸಾಧನವನ್ನೋ, ಶಿಶುಗೀತೆಯಲ್ಲಿ ಗುಡ್ಡವೇರಿ ಉರುಳಿದ ಬಾಲಕನನ್ನೋ ತೋರಿಸುವವರೇ ಹೆಚ್ಚು. ಮನುಷ್ಯನ ಹೆಸರು ಹೊತ್ತ ಹಲಸೇ ಬೇಕಾದರೆ ಗುಬ್ಬಿ ತಾಲ್ಲೂಕಿನ ಚೇಳೂರಿಗೆ ಹೋಗಬೇಕು: ಅಲ್ಲಿಯ ತೋಟವೊಂದರ ತಾಮ್ರವರ್ಣದ ತೊಳೆಯ ಹಣ್ಣನ್ನು ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗುರುತಿಸಿದ ಮೇಲೆ, ತೋಟದೊಡೆಯರ ತಂದೆಯ ಹೆಸರಿನಿಂದ ಅದು ‘ಸಿದ್ದು’ ಎನಿಸಿತು.

ಜ್ಯಾಕ್ ಹಾಗಲ್ಲ. ಮಲಯಾಳಿಗಳ ‘ಚಕ್ಕ’ ಎಂಬ ಪದವು, 1498ರಲ್ಲಿ ಕಲ್ಲಿಕೋಟೆಯ ಕರೆಗೆ ಬಂದ ಪೋರ್ಚುಗೀಸರ ನಾಲಿಗೆಯಲ್ಲಿ ‘ಜಾಕ’ ಎಂದಾಗಿ, 1563ರಲ್ಲಿ ಗೋವೆಯಲ್ಲಿ ಅಚ್ಚಾದ ವೈದ್ಯ ಗಾರ್ಸಿಯಾ ದ ಓರ್ತನ ಗ್ರಂಥವನ್ನು ಸೇರಿ, ಕಡೆಗೆ ಆಂಗ್ಲರಲ್ಲಿ ಅಂತ್ಯಸ್ವರವನ್ನೂ ಕಳೆದುಕೊಂಡಿತು. ಬರಿಯ ಜ್ಯಾಕ್ ಎಂದರೆ ಅವರಿಗೂ ಯಾವನೋ ಮನುಷ್ಯನೆಂದು ತೋರಿತೋ ಏನೋ, ‘ಫ್ರೂಟ್’ ಎಂಬ ಉತ್ತರಪದವನ್ನು ಊರುಗೋಲಾಗಿ ಕೊಟ್ಟರು.

ಇಲ್ಲಿ ನನಗೆ ಸ್ವಾರಸ್ಯವೆನಿಸುವುದು ಬೇರೊಂದು. ಮಲಯಾಳದಲ್ಲಿ ಹಣ್ಣು ಚಕ್ಕವಾದರೆ ಮರವು ಪ್ಲಾವು. ಪರದೇಶಿಗಳು ಹಣ್ಣನ್ನು ಬಿಟ್ಟು ಮರವನ್ನು ತೋರಿಸಿ ಹೆಸರು ಕೇಳಿದ್ದರೆ, ಇಂದು ಆಂಗ್ಲರ ಬಾಯಲ್ಲಿ ನಮ್ಮ ಹಲಸಿನ ದಾಯಾದಿಯೇ ಇರುತ್ತಿದ್ದಿತು. ಏಕೆಂದರೆ ಆ ಪ್ಲಾವು, ತಮಿಳಿನ ಪಲಾ, ಹಳಗನ್ನಡದ ಪಲಸು ಇವೆಲ್ಲವೂ ಏಕಮೂಲದವು. ನಮ್ಮಲ್ಲಿ ಪಕಾರವು ಹಕಾರವಾದರೂ, ಹೆಬ್ಬಾವಿನಲ್ಲಿ ಪಾವು ಅಡಗಿರುವಂತೆ, ಪಶ್ಚಿಮಘಟ್ಟದ ಕಾಡುಮರವಾದ ಹೆಬ್ಬಲಸಿನಲ್ಲಿ ಪಲಸು ಇನ್ನೂ ಅಡಗಿದೆ. ಹೆಬ್ಬೂರೆಂದು ನಿತ್ಯವೂ ನುಡಿಯುವ ಬಾಯಿಗೆ ಈ ಮರದ ಹೆಸರು ತೊಡಕೆನಿಸದು.

ಹೆಸರಿಡುವುದರಲ್ಲಿ ನಾವೂ ಹಿಂದೆ ಬಿದ್ದವರಲ್ಲ. ಪೆಸಿಫಿಕ್ ದ್ವೀಪಗಳ ಬ್ರೆಡ್‌ಫ್ರೂಟ್ ನಮ್ಮ ಕರಾವಳಿಯಲ್ಲಿ ಬೇರೂರಿದಾಗ, ರೊಟ್ಟಿಯ ಗೊಡವೆಗೇ ಹೋಗದೆ ಅದನ್ನು ದೀವಿಹಲಸೆಂದು ಕರೆದೆವು. ಅತ್ತ ಆಂಗ್ಲ ನಾವಿಕ ಕುಕ್ಕನ ಎರಡನೆಯ ಯಾನದಲ್ಲಿ ಜೊತೆಗಿದ್ದ ಸಸ್ಯಶಾಸ್ತ್ರಜ್ಞ ಫಾರ್ಸ್ಟರ್ ತಂದೆಮಕ್ಕಳು, ಗ್ರೀಕಿನಲ್ಲಿ ರೊಟ್ಟಿ ಮತ್ತು ಹಣ್ಣು ಎಂಬ ಪದಗಳನ್ನೇ ಕೂಡಿಸಿ ಆರ್ಟೊಕಾರ್ಪಸ್ ಎಂಬ ಕುಲನಾಮವನ್ನು ಕಲ್ಪಿಸಿದರು. ನಮ್ಮ ಹಲಸನ್ನೂ ಸಸ್ಯಶಾಸ್ತ್ರವು ಆ ಕುಲಕ್ಕೇ ಸೇರಿಸಿಬಿಟ್ಟಿತು. ಹೀಗಾಗಿ ಕನ್ನಡಿಗನಿಗೆ ರೊಟ್ಟಿಹಣ್ಣು ಹಲಸಿನಲ್ಲೊಂದು ಬಗೆ, ಶಾಸ್ತ್ರಜ್ಞನಿಗೆ ಹಲಸು ರೊಟ್ಟಿಹಣ್ಣಿನಲ್ಲೊಂದು ಬಗೆ. ಈ ವ್ಯಾಜ್ಯದಲ್ಲಿ ನಾನು ಕನ್ನಡಿಗನ ಪಕ್ಷ.