ಹೆಜ್ಜೆ ಎಣಿಸಿದವರು

ಮೊಬೈಲಿನಲ್ಲಿ ಬಸ್ ಟಿಕೆಟ್ ಕಾದಿರಿಸುವಾಗ ಮೊದಲು ಊರು, ಆಮೇಲೆ ದಿನಾಂಕ, ಬಳಿಕ ಸೀಟು, ಕೊನೆಗೆ ಹಣ ಎಂದು ಪುಟಗಳು ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ. ಈ ಕ್ರಮ ತಾನಾಗಿ ಬಂದದ್ದಲ್ಲ. ಬಳಸುವವರ ಒಂದೊಂದು ಹೆಜ್ಜೆಯನ್ನೂ ಯಾರೋ ಚಿತ್ರವಾಗಿ ಬರೆದು ನಿಶ್ಚಯಿಸಿರುತ್ತಾರೆ. ಆ್ಯಪ್ ತಯಾರಕರು ಇದನ್ನು ‘ಯೂಸರ್ ಫ್ಲೋ’ ಎನ್ನುತ್ತಾರೆ. ಹೆಸರು ಹೊಸದು, ಹೆಜ್ಜೆ ಎಣಿಸುವ ವಿದ್ಯೆ ಮಾತ್ರ ಕಂಪ್ಯೂಟರಿಗಿಂತ ಹಳೆಯದು. ಅದರ ಒಂದು ಬೇರು ಇಟ್ಟಿಗೆ ಗೋಡೆಯಲ್ಲಿದೆ.

ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ 1885ರಲ್ಲಿ ಗಾರೆ ಕೆಲಸ ಕಲಿಯಲು ಸೇರಿದ. ಒಂದು ಇಟ್ಟಿಗೆ ಇಡಲು 18 ಚಲನೆಗಳು ಬೇಕಾಗುವುದನ್ನು ಕಂಡ. ಕೆಲಸಗಾರ ಪ್ರತಿ ಇಟ್ಟಿಗೆಗೂ ಬಗ್ಗಬೇಕಿಲ್ಲದಂತೆ, ಏರಿಸಿ ಇಳಿಸಬಹುದಾದ ಅಟ್ಟಣೆಯನ್ನು ರೂಪಿಸಿದ. ಚಲನೆಗಳು ಸುಮಾರು ಐದಕ್ಕಿಳಿದವು. 1921ರಲ್ಲಿ ಆತ, ಪತ್ನಿ ಲಿಲಿಯನ್ ಜೊತೆಗೂಡಿ, ಕೆಲಸದ ಹಂತಗಳನ್ನು ಚಿಹ್ನೆಗಳಲ್ಲಿ ತೋರಿಸುವ ‘ಪ್ರೊಸೆಸ್ ಚಾರ್ಟ್’ ಅನ್ನು ಎಂಜಿನಿಯರುಗಳ ಮುಂದಿಟ್ಟ.

1924ರಲ್ಲಿ ಫ್ರಾಂಕ್ ತೀರಿಕೊಂಡ. ಹನ್ನೊಂದು ಮಕ್ಕಳ ತಾಯಿ, ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಲಿಲಿಯನ್‌ಗೆ, ಹೆಣ್ಣೆಂಬ ಕಾರಣಕ್ಕೆ ಕಾರ್ಖಾನೆಗಳು ಕೆಲಸ ಕೊಡಲು ಹಿಂಜರಿದವು. ಆಕೆ ಅಡುಗೆಮನೆಯತ್ತ ತಿರುಗಿದಳು. ಒಲೆ, ಕಪಾಟು, ಮೇಜುಗಳ ಜಾಗ ಬದಲಿಸಿ, ಒಂದು ಕೇಕ್ ತಯಾರಿಸಲು ಬೇಕಿದ್ದ 281 ಹೆಜ್ಜೆಗಳನ್ನು 45ಕ್ಕೆ ತಂದಳು. ಆಕೆಗೆ ವೇಗಕ್ಕಿಂತ ಮುಖ್ಯವಾದದ್ದು ದುಡಿಯುವವರ ದಣಿವು.

ಕಂಪ್ಯೂಟರ್ ಬಂದಾಗ ಇಂಥ ಚಿತ್ರಗಳು ಅದಕ್ಕೂ ಬೇಕಾದವು. 1947ರಲ್ಲಿ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ಗಣನೆಯ ಹಾದಿಯನ್ನು ‘ಫ್ಲೋ ಡಯಾಗ್ರಾಂ’ಗಳಲ್ಲಿ ಬರೆದರು. ಅಲ್ಲಿ ನಡೆಯುತ್ತಿದ್ದುದು ಯಂತ್ರ. ವೆಬ್‌ಸೈಟುಗಳ ಕಾಲದಲ್ಲಿ ಮನುಷ್ಯ ಮತ್ತೆ ಚಿತ್ರದೊಳಗೆ ಬಂದ, ಈ ಬಾರಿ ಗಿರಾಕಿಯಾಗಿ. ಒಂದೇ ಕ್ಲಿಕ್ಕಿನಲ್ಲಿ ಕೊಳ್ಳುವ ವಿಧಾನಕ್ಕೆ ಅಮೆಜಾನ್ 1999ರಲ್ಲಿ ಪೇಟೆಂಟನ್ನೇ ಪಡೆಯಿತು.

ಹೆಜ್ಜೆ ಕಡಿಮೆ ಮಾಡಬಲ್ಲವರು ಹೆಚ್ಚಿಸಲೂ ಬಲ್ಲರು. ಚಂದಾದಾರರಾಗಲು ಒಂದು ಗುಂಡಿ ಸಾಕು. ಬಿಡಲು ಹೊರಟರೆ ಪುಟದ ಮೇಲೆ ಪುಟ, ‘ನಿಜವಾಗಿಯೂ ಬೇಡವೇ?’ ಎಂಬ ಪ್ರಶ್ನೆ. ಇಂಥ 13 ಬಗೆಯ ವಂಚಕ ವಿನ್ಯಾಸಗಳನ್ನು ಪಟ್ಟಿಮಾಡಿ ಭಾರತ ಸರ್ಕಾರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ನಿಷೇಧಿಸಿತು.

ಆದ್ದರಿಂದ ಯಾವುದೇ ಆ್ಯಪನ್ನು ಅಳೆಯಲು ಲಿಲಿಯನ್‌ಳ ಲೆಕ್ಕವೇ ಸಾಕು. ಒಳಹೋಗಲು ಎಷ್ಟು ಹೆಜ್ಜೆ, ಹೊರಬರಲು ಎಷ್ಟು ಹೆಜ್ಜೆ ಎಂದು ಎಣಿಸಿ ನೋಡಿ. ಅದನ್ನು ಕಟ್ಟಿದವರು ಯಾರ ದಣಿವಿನ ಬಗ್ಗೆ ಯೋಚಿಸಿದ್ದರು ಎಂಬುದು ತಿಳಿದುಬಿಡುತ್ತದೆ.